ಬಂದೂಕು ಹಿಂಪಡೆಯುವ ಕಾನೂನಿಗೆ ಮನೆಯವರ ಮಾತು ಕೇಳಿಸುತ್ತದೆಯೇ?

ಚುನಾವಣೆ ಬಂತೆಂದರೆ ಪರವಾನಗಿ ಇದ್ದವರೂ ಬಂದೂಕು ಹೊತ್ತು ಠಾಣೆಗೆ ಹೋಗಬೇಕು ಎಂಬುದು ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿಬಿಟ್ಟಿದೆ. ಸೋಮನಾಥಪುರ ಇರುವ ತಿ.ನರಸೀಪುರ ತಾಲ್ಲೂಕನ್ನೇ ನೋಡಿ. 2022ರ ಕೊನೆಯಿಂದ 2023ರ ಜನವರಿಯವರೆಗೆ ಅಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಕತ್ತಲಾದ ಮೇಲೆ ಕಬ್ಬಿನ ಗದ್ದೆಯ ಕಡೆ ಹೋಗಲು ಜನ ಹೆದರುತ್ತಿದ್ದರು. ಆ ಭಯ ಆರುವ ಮೊದಲೇ, ಮಾರ್ಚ್ 29ಕ್ಕೆ, ವಿಧಾನಸಭೆ ಚುನಾವಣೆಯ ನೀತಿಸಂಹಿತೆ ಬಂತು. ಚಿರತೆಯನ್ನು ಬೇಟೆಯಾಡಲು ರೈತನಿಗೆ ಹಕ್ಕಿಲ್ಲ, ಇರಲೂಬಾರದು. ಆದರೆ ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಬೆದರಿಸಲು ಗಾಳಿಗೊಂದು ಗುಂಡು ಹಾರಿಸುವವನ ಒಂಟಿ ನಳಿಕೆಯ ಬಂದೂಕಿಗೂ ಮತದಾನಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಆಡಳಿತ ಉತ್ತರ ಕೊಡಲೇಬೇಕು.

ಚುನಾವಣಾ ಆಯೋಗದ ನಿಯಮವೂ ಎಲ್ಲರ ಬಂದೂಕನ್ನು ಕೇಳುವುದಿಲ್ಲ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ತೊಡಗಿದ್ದವರು ಯಾರೆಂದು ಪರಿಶೀಲನಾ ಸಮಿತಿ ನೋಡಬೇಕು, ಅಂಥವರಿಂದ ಪಡೆಯಬೇಕು, ಫಲಿತಾಂಶ ಬಂದು ವಾರ ಕಳೆದ ಮೇಲೆ ಮರಳಿಸಬೇಕು. ಗೋವಾದ ಪ್ರಕರಣವೊಂದರಲ್ಲಿ 2009ರಲ್ಲಿ ಬಾಂಬೆ ಹೈಕೋರ್ಟ್, 2024ರಲ್ಲಿ ಅಲಹಾಬಾದ್ ಹೈಕೋರ್ಟ್ ಇದನ್ನೇ ಹೇಳಿವೆ: ಸಾರಾಸಗಟು ಆದೇಶ ಸಲ್ಲದು, ಒಬ್ಬೊಬ್ಬರ ವಿಷಯವನ್ನೂ ಬೇರೆಯಾಗಿ ನೋಡಬೇಕು. ಸಮಿತಿ ಈ ಕೆಲಸವನ್ನು ಮನಸ್ಸಿಟ್ಟು ಮಾಡಿದರೆ ವ್ಯವಸ್ಥೆ ಒಳ್ಳೆಯದೇ. ಪಟ್ಟಿ ನೋಡದೆ ಎಲ್ಲರಿಗೂ ಒಂದೇ ಫರ್ಮಾನು ಹೊರಡಿಸಿದರೆ, ಯಾರ ಕೈಯಲ್ಲಿ ಬಂದೂಕು ಇರಬಾರದು ಎಂದು ಯೋಚಿಸುವ ಅಭ್ಯಾಸವೇ ಆಡಳಿತಕ್ಕೆ ತಪ್ಪಿಹೋಗುತ್ತದೆ.

ಆ ಯೋಚನೆಗೆ ಬೇಕಾದ ಕಾನೂನು ನಮ್ಮಲ್ಲಿ 1959ರಿಂದಲೂ ಇದೆ. ಅಪಾಯಕಾರಿ ಎನಿಸಿದವನಿಂದ ಬಂದೂಕು ಹಿಂಪಡೆಯುವ ಇಂಥ ಕಾನೂನನ್ನು ಅಮೆರಿಕದಲ್ಲಿ ಮೊದಲು ಕನೆಕ್ಟಿಕಟ್ ರಾಜ್ಯ ತಂದದ್ದು 1999ರಲ್ಲಿ. ಅದಕ್ಕೆ ನಾಲ್ಕು ದಶಕ ಮೊದಲೇ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 22 ಜಿಲ್ಲಾ ದಂಡಾಧಿಕಾರಿಗೆ ಒಂದು ಅಧಿಕಾರ ಕೊಟ್ಟಿತ್ತು. ಇಂಥವನ ಬಳಿ ಆಯುಧ ಬಿಟ್ಟರೆ ಸಾರ್ವಜನಿಕ ಶಾಂತಿಗೋ ಸುರಕ್ಷತೆಗೋ ಅಪಾಯ ಎಂದು ನಂಬಲು ಕಾರಣವಿದ್ದರೆ, ಆ ಕಾರಣವನ್ನು ಬರೆದಿಟ್ಟು, ಮನೆ ಶೋಧಿಸಿ ಆಯುಧ ವಶಪಡಿಸಿಕೊಳ್ಳಬಹುದು. ಅದನ್ನು ಇಟ್ಟುಕೊಳ್ಳಲು ಅವನಿಗೆ ಕಾನೂನಿನ ಹಕ್ಕಿದ್ದರೂ ಸರಿಯೇ. ಅಪರಾಧ ನಡೆದಿರಬೇಕಿಲ್ಲ, ಲೈಸೆನ್ಸು ರದ್ದಾಗಿರಬೇಕಿಲ್ಲ. ಈ ಕಲಮನ್ನು ನಾನು ಮೆಚ್ಚುತ್ತೇನೆ. ಕುಡಿದು ಹೆಂಡತಿಯತ್ತ ಬಂದೂಕು ತೋರಿಸುವವನು, ಸಾಲದ ಚಿಂತೆಯಲ್ಲಿ ಸಾಯುವ ಮಾತಾಡುವವನು, ಗಡಿಕಲ್ಲಿನ ಜಗಳದಲ್ಲಿ ಅಣ್ಣನನ್ನು ಮುಗಿಸುತ್ತೇನೆಂದು ಕೂಗಾಡುವವನು, ಇವರೆಲ್ಲ ಲೈಸೆನ್ಸುದಾರರೇ ಆಗಿರಬಹುದು.

ಆದರೆ ಇಂಥ ಮನೆಯ ಹೆಂಡತಿ ಯಾರ ಬಳಿ ಹೋಗಬೇಕು? ಕಲಂ 22 ಅದನ್ನು ಹೇಳುವುದಿಲ್ಲ. ಅರ್ಜಿಯ ನಮೂನೆಯಿಲ್ಲ, ಇಷ್ಟು ದಿನದಲ್ಲಿ ತೀರ್ಮಾನಿಸಬೇಕೆಂಬ ಗಡುವಿಲ್ಲ. ಸೋಮನಾಥಪುರದ ಹೆಣ್ಣುಮಗಳಿಗೆ ಜಿಲ್ಲಾ ದಂಡಾಧಿಕಾರಿಯೂ ಆದ ಡಿಸಿಯ ಕಚೇರಿ ಇರುವ ಮೈಸೂರು ದೂರದ ಊರು. ಠಾಣೆಗೆ ಹೋದರೆ 'ಗಂಡ ಹೆಂಡಿರ ಜಗಳ, ಮನೇಲೇ ಸರಿಮಾಡ್ಕೊಳ್ಳಮ್ಮ' ಎಂದು ಕಳಿಸುವ ಸಾಧ್ಯತೆ ಹೆಚ್ಚು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 2006ರ ನಿಯಮಗಳಲ್ಲಿ ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವ ಮಾತಿದೆ. ಅಲ್ಲಿ ಆಯುಧದ ಬಳಕೆ ಆಗಲೇ ಆಗಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ 2014ರಲ್ಲಿ ತಂದ ಕಾನೂನಿನಲ್ಲಿ ಮನೆಯವರೇ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಫ್ಲಾರಿಡಾದ 2018ರ ಕಾನೂನು ಆ ಹಕ್ಕನ್ನು ಪೊಲೀಸರಿಗೆ ಮಾತ್ರ ಕೊಟ್ಟಿತು. ನಮಗೆ ಬೇಕಾದದ್ದು ಮೊದಲನೆಯದು, ಏಕೆಂದರೆ ಅಪಾಯ ಮೊದಲು ಕಾಣುವುದು ಅಡುಗೆಮನೆಯಲ್ಲಿ ನಿಂತವರಿಗೆ.

ಇನ್ನೊಂದು ಕೊರತೆ ಬಂದೂಕು ಕಳೆದುಕೊಂಡವನ ಕಡೆಯದು. ದಂಡಾಧಿಕಾರಿ 'ಅಗತ್ಯವೆನಿಸಿದಷ್ಟು ಕಾಲ' ಆಯುಧ ಇಟ್ಟುಕೊಳ್ಳಬಹುದು ಎಂದು ಕಲಂ 22 ಹೇಳುತ್ತದೆ, ಅಷ್ಟೇ. ಕಲಂ 17ರಡಿ ಲೈಸೆನ್ಸು ಅಮಾನತಾದರೆ ಕಲಂ 18ರಡಿ ಮೇಲ್ಮನವಿಗೆ ದಾರಿಯಿದೆ. ಕಲಂ 22ರ ಜಪ್ತಿಯ ಹೆಸರನ್ನು ಆ ಕಲಂ ಎತ್ತುವುದೇ ಇಲ್ಲ. ಉಳಿಯುವುದು ಹೈಕೋರ್ಟಿನ ದಾರಿ. ಎರಡೆಕರೆ ರೈತ ನಾಡಬಂದೂಕಿಗಾಗಿ ಹೈಕೋರ್ಟಿಗೆ ಹೋಗುತ್ತಾನೆಯೇ? ದಾಯಾದಿಯ ಸುಳ್ಳು ದೂರಿನಿಂದ ಬಂದೂಕು ಹೋಗಿದ್ದರೆ ಅವನ ಮಾತು ಕೇಳುವ ವಿಚಾರಣೆಯಾದರೂ ಬೇಡವೇ? ಇಂಡಿಯಾನಾದ 2005ರ ಕಾನೂನು ವಿಚಾರಣೆಗೆ 14 ದಿನದ ಮಿತಿ ಹಾಕಿತ್ತು. ಕ್ಯಾಲಿಫೋರ್ನಿಯದಲ್ಲಿ ಆರೋಪಿತನನ್ನು ಕೇಳದೆ ಕೊಟ್ಟ ಆದೇಶ 21 ದಿನಕ್ಕೆ ಮುಗಿಯುತ್ತದೆ, ಮುಂದುವರಿಸಬೇಕೆಂದರೆ ಅವನನ್ನು ಕರೆದು ಕೇಳಬೇಕು. ನಮ್ಮಲ್ಲೂ ತಾತ್ಕಾಲಿಕ ಎಂಬುದಕ್ಕೆ ಒಂದು ಕೊನೆಯ ದಿನ ಇರಬೇಕು.

ಕೊಡಗಿನ ಮಾತು ಇಲ್ಲಿ ಬರಲೇಬೇಕು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಮಗು ಹುಟ್ಟಿದರೆ ಕೋವಿಯ ಒಂದು ಗುಂಡು, ಸಾವಾದರೆ ಎರಡು, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಆ ಗೌರವವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಲೈಸೆನ್ಸೇ ಬೇಡವೆಂದ ಮೇಲೆ ಅಮಾನತು ಮಾಡಲು ಲೈಸೆನ್ಸೂ ಇರುವುದಿಲ್ಲ. ಒಂದು ಮನೆಯಲ್ಲಿ ಒಬ್ಬನ ಮನಸ್ಸು ಕೆಟ್ಟಾಗ ಉಪಯೋಗಕ್ಕೆ ಬರುವುದು ಕಲಂ 22ರಂಥದ್ದೇ. ಅಲ್ಲಿನ ಹಿರಿಯರಿಗೆ ಇದರಲ್ಲಿ ಅವಮಾನವೆನಿಸದಂತೆ ನೋಡಿಕೊಳ್ಳಬಹುದು: ಕೋವಿಯನ್ನು ಠಾಣೆಯ ಮೂಲೆಗೆ ಹಾಕುವ ಬದಲು, ದಂಡಾಧಿಕಾರಿಯ ಒಪ್ಪಿಗೆಯಿಂದ ಒಕ್ಕದ, ಅಂದರೆ ಅದೇ ಮನೆತನದ, ಇನ್ನೊಬ್ಬ ಅರ್ಹರ ವಶಕ್ಕೆ ಕೊಡಲಿ.

ಮೈಸೂರು ಜಿಲ್ಲಾಡಳಿತ ಕಾನೂನು ತಿದ್ದುಪಡಿಗೆ ಕಾಯಬೇಕಾಗಿಲ್ಲ. ಮನೆಯವರ ದೂರು ಪಡೆಯುವ ಒಂದು ಪುಟದ ಕನ್ನಡ ನಮೂನೆಯನ್ನು ತಾಲ್ಲೂಕು ಕಚೇರಿಯಲ್ಲಿ ಇಡಬಹುದು, ದೂರು ಕೊಟ್ಟವರ ಹೆಸರನ್ನು ಗುಟ್ಟಾಗಿಡಬಹುದು, ಪ್ರತಿ ಜಪ್ತಿ ಆದೇಶದಲ್ಲೂ ಮರುಪರಿಶೀಲನೆಯ ದಿನಾಂಕ ನಮೂದಿಸಬಹುದು. ಇಷ್ಟಕ್ಕೆ ಡಿಸಿಯ ಒಂದು ಸುತ್ತೋಲೆ ಸಾಕು.