ಮರಳು ನಡುದಾರಿಯಲ್ಲೇ ನಿಲ್ಲುವುದೇಕೆ?

ಮಾದಿಹಳ್ಳಿ ಸೀಮೆಯ ಕೆರೆಗಳನ್ನು, ಹಳೇಬೀಡಿನ ದ್ವಾರಸಮುದ್ರವನ್ನು ಕಂಡವರಿಗೆ ಹೂಳು ತುಂಬುವ ಬಗೆಯನ್ನು ವಿವರಿಸಬೇಕಾಗಿಲ್ಲ. ಮಳೆನೀರು ಮಣ್ಣನ್ನು ಹೊತ್ತು ತರುತ್ತದೆ. ನೀರು ನಿಂತಾಗ ಮಣ್ಣು ತಳ ಸೇರುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಸದಾ ಹೆಪ್ಪುಗಟ್ಟಿರುವ ಧ್ರುವ ಸರೋವರಗಳಿಗೂ ಇದೇ ಚಿತ್ರವನ್ನು ಕೊಂಚ ತಿದ್ದಿ ಹೇಳುವುದುಂಟು: ಗಾಳಿ ತಂದ ಮರಳು ಬಿಸಿಲಿಗೆ ಕಾದು, ಮಂಜುಗಡ್ಡೆಯನ್ನು ಕರಗಿಸುತ್ತಾ ತಳಕ್ಕಿಳಿಯುತ್ತದೆ ಎಂದು. ಈ ವಿವರಣೆ ಅರ್ಧ ಸರಿ. ಉಳಿದರ್ಧ ದಾರಿ ತಪ್ಪಿಸುತ್ತದೆ.

ಅಂಟಾರ್ಕ್ಟಿಕದ ಮ್ಯಾಕ್‌ಮರ್ಡೊ ಒಣ ಕಣಿವೆಗಳಲ್ಲಿರುವ ಬೋನಿ ಸರೋವರವನ್ನು ತೆಗೆದುಕೊಳ್ಳಿ. ಅದರ ಮೇಲೆ ವರ್ಷವಿಡೀ ಸುಮಾರು 3ರಿಂದ 4.5 ಮೀಟರ್ ದಪ್ಪದ ಮಂಜುಗಡ್ಡೆಯಿರುತ್ತದೆ. ಮರಳು ಹೆಚ್ಚಾಗಿ ಸೇರಿಕೊಂಡಿರುವುದು ಆ ಗಡ್ಡೆಯೊಳಗೇ, ಸುಮಾರು 2 ಮೀಟರ್ ಆಳದಲ್ಲಿ. ಕರಗಿಸುತ್ತಾ ಇಳಿಯುವ ಮರಳು ಅಲ್ಲೇ ಏಕೆ ನಿಂತಿತು?

ವಿವರಣೆ ಮರೆತಿರುವುದು ಮಂಜುಗಡ್ಡೆಯ ಚಲನೆಯನ್ನು. ಒಣಗಾಳಿಗೆ ಗಡ್ಡೆಯ ಮೇಲ್ಮೈ ಉತ್ಪತನಗೊಂಡು, ಬೇಸಿಗೆಯಲ್ಲಿ ಅಷ್ಟಿಷ್ಟು ಕರಗಿ ಸವೆಯುತ್ತದೆ. ಚಳಿಗಾಲದಲ್ಲಿ ಅದರ ಅಡಿಗೆ ಸರೋವರದ ನೀರು ಹೊಸದಾಗಿ ಹೆಪ್ಪುಗಟ್ಟುತ್ತದೆ. ಹೀಗಾಗಿ ಗಡ್ಡೆ ನಿಧಾನವಾಗಿ ಮೇಲೇರುತ್ತಲೇ ಇರುತ್ತದೆ. ಅದರೊಳಗಿನ ಕಣವೂ ಜೊತೆಗೇ ಮೇಲೆ ಬರುತ್ತದೆ. ಬೇಸಿಗೆಯ ಬಿಸಿಲು ಅದೇ ಕಣವನ್ನು ಕೆಳಗಿಳಿಸುತ್ತದೆ. ಆದರೆ ಆಳ ಹೆಚ್ಚಿದಂತೆ ಬೆಳಕು ಕ್ಷೀಣಿಸುತ್ತದೆ, ಇಳಿಯುವ ವೇಗವೂ ತಗ್ಗುತ್ತದೆ. ಏರಿಕೆ, ಇಳಿಕೆ ಸರಿದೂಗುವಲ್ಲಿ ಮರಳು ಸಿಕ್ಕಿಬೀಳುತ್ತದೆ.

ಇದು ಬರಿಯ ಸೂಕ್ಷ್ಮದ ಮಾತಲ್ಲ. ಬೇಸಿಗೆಯಲ್ಲಿ ಈ ಮರಳಿನ ಸುತ್ತ ದ್ರವರೂಪದ ನೀರು ಉಂಟಾಗುತ್ತದೆ. ಅಲ್ಲಿ ದ್ಯುತಿಸಂಶ್ಲೇಷಣೆ ನಡೆಸುವ ಸೂಕ್ಷ್ಮಜೀವಿಗಳಿರುವುದನ್ನು ಜಾನ್ ಪ್ರಿಸ್ಕು ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು. ಮರಳನ್ನು ನೇರವಾಗಿ ತಳಕ್ಕೆ ಕಳಿಸಿಬಿಡುವ ಪಾಠದಲ್ಲಿ ಈ ಜೀವಿಗಳಿಗೆ ಜಾಗವೇ ಇಲ್ಲ! ಕೆರೆಯ ಹೂಳಿನಂತೆ ಈ ಸರೋವರಗಳ ಮೆಕ್ಕಲನ್ನು ಓದುವುದೂ ಕಷ್ಟ. ಮರಳಿನ ಒಂದು ಪಾಲು ಬಿರುಕುಗಳ ಮೂಲಕ ತಳಕ್ಕೆ ಬೀಳುತ್ತದೆ. ಹೋರ್ ಸರೋವರದ ತಳದಲ್ಲಿ ಅದು ಸಮನಾಗಿ ಹರಡದೆ ಗುಡ್ಡೆಗುಡ್ಡೆಯಾಗಿದೆ. ಗಾಳಿ ತಂದ ವರ್ಷವೂ ತಳ ಸೇರಿದ ವರ್ಷವೂ ಒಂದೇ ಆಗಿರಬೇಕಿಲ್ಲ.

ಶಿಕ್ಷಕರು ತೋರಿಸುವ ಪ್ರಯೋಗವೊಂದಿದೆ: ಮಂಜುಗಡ್ಡೆಯ ಮೇಲೆ ಕಪ್ಪು ಕಲ್ಲಿಟ್ಟು ಬಿಸಿಲಿಗಿಡುವುದು. ಕಲ್ಲು ಇಳಿಯುತ್ತದೆ, ನಿಜ. ಪಕ್ಕದಲ್ಲೊಂದು ಬಿಳಿ ಕಲ್ಲನ್ನೂ ಇಟ್ಟು ನೋಡಿ. ನಮ್ಮ ಬೆಚ್ಚನೆಯ ಗಾಳಿಗೆ ಅದೂ ಇಳಿದೀತು. ಕೆಳಗಿನಿಂದ ಹೊಸ ಮಂಜು ಕಟ್ಟದ ಈ ಪ್ರಯೋಗ ಕಥೆಯ ಅರ್ಧವನ್ನಷ್ಟೇ ತೋರಿಸಬಲ್ಲದು. ನಮ್ಮ ಮೈತ್ರಿ ನೆಲೆಯ ಪಕ್ಕದ ಪ್ರಿಯದರ್ಶಿನಿ ಸರೋವರವನ್ನೂ ಇದಕ್ಕೆ ಉದಾಹರಣೆಯಾಗಿ ಕೊಡಬೇಡಿ. ಅದರ ಮಂಜು ಬೇಸಿಗೆಯಲ್ಲಿ ಕರಗಿಹೋಗುತ್ತದೆ.