ಅರ್ಧಕ್ಕರ್ಧ ಆನೆ

ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಅಚ್ಚು ಹಾಕಿಸಿದ ತಾಮ್ರದ ಕಾಸುಗಳನ್ನು ಒಂದೊಂದಾಗಿ ನೋಡಿದರೆ ರುಚಿ ಹತ್ತುವುದಿಲ್ಲ. ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟುಕೊಂಡು ನೋಡಬೇಕು. ಎರಡು ಪೈಸೆ, ಒಂದು ಪೈಸೆ, ಅರ್ಧ, ಕಾಲು, ಅರೆಕಾಲು. ಎಲ್ಲದರ ಮೇಲೂ ಅದೇ ಆನೆ. ಹೆಸರುಗಳೋ ಆಕಾಶದಿಂದ ಇಳಿದವು: ಎರಡು ಪೈಸೆಗೆ ಗುರುಗ್ರಹದ ಹೆಸರು ಮುಶ್ತರಿ, ಪೈಸೆಗೆ ಶುಕ್ರನ ಹೆಸರು ಜೊಹ್ರಾ, ಅರ್ಧಕ್ಕೆ ಮಂಗಳನ ಹೆಸರು ಬಹ್ರಾಮ್. ಕಾಲು ಪೈಸೆ ಅಖ್ತರ್, ಬರೀ ಒಂದು ನಕ್ಷತ್ರ. ಅರೆಕಾಲು ಪೈಸೆ ಕುತ್ಬ್, ಧ್ರುವ. ಗುರುವಿನಿಂದ ಧ್ರುವನವರೆಗೆ ಒಂದೊಂದು ಮೆಟ್ಟಿಲಿಗೂ ತೂಕ ಸರಿಯಾಗಿ ಅರ್ಧ.

ಆದರೆ ಕಣ್ಣು ಇದನ್ನು ಒಪ್ಪುವುದಿಲ್ಲ. ಪೈಸೆಯ ಪಕ್ಕ ಅರ್ಧ ಪೈಸೆ ಇಟ್ಟರೆ ಅದು ಅರ್ಧದಂತೆ ಕಾಣುವುದೇ ಇಲ್ಲ, ಮುಕ್ಕಾಲಿಗಿಂತ ತುಸು ಹೆಚ್ಚೇ ಕಾಣುತ್ತದೆ. ಪೈಸೆಯ ತೂಕ ಸುಮಾರು 11 ಗ್ರಾಂ, ಅಡ್ಡಳತೆ ಎರಡೂಕಾಲು ಸೆಂಟಿಮೀಟರಿನ ಆಸುಪಾಸು. ಅರ್ಧ ಪೈಸೆಯ ಅಡ್ಡಳತೆ ಅದರ ಅರ್ಧವಾಗಿದ್ದರೆ ಅದು ಗುಂಡಿಯಷ್ಟಾಗಿಬಿಡುತ್ತಿತ್ತು. ಕಾಸಿಗೆ ಅಗಲ, ಉದ್ದ, ದಪ್ಪ ಮೂರೂ ಉಂಟಲ್ಲ? ಮೂರೂ ಒಂದೇ ಹದದಲ್ಲಿ ಕುಗ್ಗಿದಾಗ ತೂಕ ಬೇಗ ಇಳಿಯುತ್ತದೆ, ಅಗಲ ನಿಧಾನಕ್ಕೆ ಇಳಿಯುತ್ತದೆ. ಅಡ್ಡಳತೆ ಅರ್ಧಕ್ಕೆ ಬರಬೇಕಾದರೆ ಮೂರು ಮೆಟ್ಟಿಲು ಇಳಿಯಬೇಕು, ಅಂದರೆ ಶುಕ್ರನಿಂದ ಧ್ರುವನಿಗೆ. ಕುತ್ಬ್‌ನ ಮೇಲಿನ ಆನೆ ಜೊಹ್ರಾದ ಆನೆಯ ಅರ್ಧ ಎತ್ತರದ್ದು, ಅದನ್ನು ಹೊತ್ತ ತಾಮ್ರ ಮಾತ್ರ ಎಂಟರಲ್ಲಿ ಒಂದು ಪಾಲು. ಕೈಯಿಂದ ಬಡಿದ ಕಾಸುಗಳಾದ್ದರಿಂದ ಕೂದಲೆಳೆಯ ಲೆಕ್ಕ ಬೇಡ. ಆದರೂ ಅಚ್ಚು ಕೊರೆದವನ ಕೈಗೆ ಈ ಹದ ಗೊತ್ತಿತ್ತು. ಚಿಕ್ಕ ಕಾಸಿನಲ್ಲಿ ಜಾಗ ಸಾಲದೆಂದು ಸೊಂಡಿಲು ಮುರುಟಿಸಿದ್ದರೆ ಅದು ಆನೆಯಾಗಿ ಉಳಿಯುತ್ತಿರಲಿಲ್ಲ.

ಬೆಳ್ಳಿಯ ಸಾಲು ಇನ್ನೂ ಉದ್ದ. ಎರಡು ರೂಪಾಯಿಯ ಹೈದರಿಯಿಂದ ಶುರುವಾಗಿ ರೂಪಾಯಿ, ಅರ್ಧ, ಕಾಲು ಎಂದು ಇಳಿಯುತ್ತ ರೂಪಾಯಿಯ 32ರಲ್ಲಿ ಒಂದು ಪಾಲಾದ ಖಿಜ್ರಿಯವರೆಗೆ ಬರುತ್ತದೆ. ಖಿಜ್ರಿಯ ತೂಕ ಅರ್ಧ ಗ್ರಾಮೂ ಇಲ್ಲ, ಬೆರಳಸಂದಿಯಲ್ಲಿ ಜಾರಿದರೆ ಹುಡುಕುವುದು ಕಷ್ಟ. ಹೆಸರುಗಳು ಪಾರಸಿ, ಅರಬ್ಬಿಯವಾದರೂ ಲೆಕ್ಕ ನಮ್ಮ ಸಂತೆಯವರಿಗೆ ಹೊಸದಾಗಿರಲಿಲ್ಲ. ಅರೆ, ಕಾಲು, ಅರೆಕಾಲು, ವೀಸ, ಅರೆವೀಸ ಎಂದು ಬಾಯಿಪಾಠ ಮಾಡಿದವರಿಗೆ ಕಾಜಿಮಿ ಎಂದರೆ ರೂಪಾಯಿಯ ವೀಸ, ಖಿಜ್ರಿ ಎಂದರೆ ಅರೆವೀಸ, ಅಷ್ಟೇ. ಇದೇ ಊರಿನಲ್ಲಿ ಅದಕ್ಕೂ ಮುಂಚೆ ಕಂಠೀರವ ನರಸರಾಜ ಒಡೆಯರು ಹೊರಡಿಸಿದ್ದ ಕಂಠೀರಾಯಿ ಹಣದ ಲೆಕ್ಕ ಬೇರೆ. ಅಲ್ಲಿ ಹತ್ತು ಹಣಕ್ಕೆ ಒಂದು ವರಹ. ಹತ್ತರ ಲೆಕ್ಕ ಕಾಗದದ ಮೇಲೆ ಸಲೀಸು. ಆದರೆ ಎದುರಿಗಿರುವ ಬೆಲ್ಲದ ಅಚ್ಚನ್ನು ಪಾಲು ಮಾಡುವಾಗ ಹತ್ತು ಯಾರಿಗೂ ನೆನಪಾಗುವುದಿಲ್ಲ. ಅರ್ಧ ಮಾಡುತ್ತೇವೆ, ಮತ್ತೆ ಅರ್ಧ ಮಾಡುತ್ತೇವೆ. ಶಾಲೆಯಲ್ಲಿ ಅನುಪಾತ ಎಂದು ಕಲಿಸುವಾಗ ಮೇಷ್ಟ್ರು ಇಲ್ಲಿಂದ ಹೊರಟರೆ ಮಕ್ಕಳಿಗೆ ಅದು ಇಷ್ಟು ಕಹಿಯಾಗುತ್ತಿರಲಿಲ್ಲ ಎನ್ನುವುದು ನನ್ನ ಗುಮಾನಿ.

ಪಟ್ಟಣದಿಂದ ಪೂರ್ವಕ್ಕೆ ಬಂದರೆ ಗಂಜಾಂ. ಟಿಪ್ಪು ಕಟ್ಟಿಸಿದ ಪೇಟೆ. ಇದನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದ ಕಥೆಯನ್ನು ಮೈಸೂರಿನ ಗ್ಯಾಸೆಟಿಯರ್ ಬರೆದಿಟ್ಟಿದೆ. ಇಲ್ಲಿನ ಲಾಲ್‌ಬಾಗಿನಲ್ಲಿ, 1782ರಲ್ಲಿ ತೀರಿಕೊಂಡ ಹೈದರನಿಗೆ ಮಗ ಎಬ್ಬಿಸಿದ ಗುಂಬಜ್ ಇದೆ. 1799ರಲ್ಲಿ ಮಗನೂ ಅಲ್ಲಿಗೇ ಬಂದು ಸೇರಿದ. ಬಾಗಿಲಿನ ದಂತದ ಕೆತ್ತನೆ, ಒಳಗಿನ ಹುಲಿಪಟ್ಟೆಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ನನಗೆ ಹಿಡಿಸುವುದು ಹೊರಗಿನ ಕಪ್ಪು ಕಲ್ಲಿನ ಕಂಬಸಾಲು. ಒಟ್ಟು 36 ಕಂಬ. ಮೂಲೆಯ ಕಂಬ ಎರಡು ಮಗ್ಗುಲಿಗೂ ಸೇರುವುದರಿಂದ, ಒಂಬತ್ತೊಂಬತ್ತಾಗಿ ಹಂಚಿಹೋಗುವ ಬದಲು ಮಗ್ಗುಲಿಗೆ ಹತ್ತು ಕಂಬ, ಒಂಬತ್ತು ತೆರಪು. ಒಂಬತ್ತು ಬೆಸ ಸಂಖ್ಯೆ, ಹಾಗಾಗಿ ನಟ್ಟನಡುವೆ ಕಂಬ ಬರದೆ ದಾರಿ ಬಿಡುತ್ತದೆ.

ದೂರದಿಂದ ಗುಮ್ಮಟ ಇಡೀ ಕಟ್ಟಡವನ್ನು ಆಳುತ್ತದೆ. ಹೆಜ್ಜೆ ಹಾಕಿದಂತೆ ಜಗಲಿಯ ಸೂರು ಮೇಲೇಳುತ್ತ ಗುಮ್ಮಟವನ್ನು ಕೆಳಗಿನಿಂದ ನುಂಗುತ್ತ ಹೋಗುತ್ತದೆ. ಕೊನೆಗೆ ಕಂಬದ ಬುಡದಲ್ಲಿ ನಿಂತಾಗ ಗುಮ್ಮಟವೇ ಇಲ್ಲ! ಅಳತೆ ಒಂದೂ ಬದಲಾಗಿಲ್ಲ, ನಾವು ನಿಂತ ಜಾಗ ಬದಲಾಯಿತು. ಗುಂಬಜ್ ನೋಡಲು ಬಂದವರು ಓಡಿಹೋಗಿ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಕಂಡಾಗ ಪಾಪ ಅನ್ನಿಸುತ್ತದೆ. ತೋಟದ ದಾರಿಯ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ, ಮೂಲೆಯ ಮಿನಾರುಗಳ ಮೇಲಿನ ಪುಟ್ಟ ಗುಮ್ಮಟಗಳಿಗೂ ನಡುವಿನ ದೊಡ್ಡದಕ್ಕೂ ಇರುವ ನಂಟು ಕಾಣುತ್ತದೆ.

ಜೊಹ್ರಾ, ಕುತ್ಬ್‌ಗಳ ಆ ಎಂಟರ ಲೆಕ್ಕ ಅಡುಗೆಮನೆಯಲ್ಲೂ ಇದೆ. ಮನೆಯಲ್ಲಿ ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಎಸರಿಗಿಡುತ್ತೇವೆ ಎನ್ನಿ. ಊರಹಬ್ಬಕ್ಕೆ ಅದನ್ನೇ ನೂರರಿಂದ ಗುಣಿಸಿದರೆ ಮುದ್ದೆ ಕಟ್ಟಲು ಬಾರದು, ಅಂಬಲಿಯ ಕಡೆ ವಾಲುತ್ತದೆ. ಪಾತ್ರೆ ಎಲ್ಲ ಕಡೆಗೂ ಇಮ್ಮಡಿಯಾದರೆ ಹಿಡಿಯುವ ನೀರು ಎಂಟು ಪಟ್ಟು, ಆವಿ ಹೋಗುವ ಬಾಯಿ ಮಾತ್ರ ನಾಲ್ಕೇ ಪಟ್ಟು. ದೊಡ್ಡ ಹಂಡೆಯಲ್ಲಿ ನೀರು ತನ್ನ ಪಾಲಿಗಿಂತ ಕಡಿಮೆ ಆರುತ್ತದೆ. ನೂರಾರು ಜನಕ್ಕೆ ಬೇಯಿಸಿದ ಭಟ್ಟರನ್ನು ಕೇಳಿದರೆ ಈ ಎಂಟು-ನಾಲ್ಕು ಯಾವುದನ್ನೂ ಹೇಳುವುದಿಲ್ಲ. "ಹಂಡೆ ದೊಡ್ಡದಾದ್ರೆ ಎಸರು ಬಿಗಿ ಮಾಡ್ಬೇಕು ಕಣಪ್ಪಾ" ಅನ್ನುತ್ತಾರೆ.

ಗಂಜಾಂನ ಅಂಜೂರಕ್ಕೂ ಇದೇ ನ್ಯಾಯ. ಒಂದು ಕಾಲಕ್ಕೆ ಈ ಊರಿನ ಹೆಸರನ್ನು ದೂರದವರು ಕೇಳಿದ್ದೇ ಈ ಹಣ್ಣಿನಿಂದ. ಹಸಿ ಹಣ್ಣಿನಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ನೀರು. ಒಂದು ಕಿಲೋ ಒಣ ಅಂಜೂರಕ್ಕೆ ಮೂರು ಕಿಲೋಗೂ ಮಿಕ್ಕಿ ಹಸಿ ಹಣ್ಣು ಬೇಕು. ಬಿಸಿಲಿಗೆ ಹರವಿದಾಗ ಚಿಕ್ಕ ಹಣ್ಣು ಬೇಗ ಬಾಡುತ್ತದೆ, ದಪ್ಪದ್ದು ತಡ ಮಾಡುತ್ತದೆ, ಒಳಗಿನ ನೀರಿಗೆ ಹೋಲಿಸಿದರೆ ಅದರ ಸಿಪ್ಪೆ ಕಡಿಮೆ. ಒಣಗಿದ್ದರ ಸಿಹಿ ಗಟ್ಟಿ, ನಿಜ. ಆದರೆ ಬಾಯಲ್ಲಿಟ್ಟ ಕೂಡಲೇ ತಣ್ಣಗೆ ಒಡೆದು ಬೀಜ ಕರಕರ ಎನ್ನುವ ಸುಖ ಆ ಬಿಸಿಲಿಗೆ ಹೋದ ನೀರಿನಲ್ಲಿತ್ತು. ಕೈಗೆ ಸಿಕ್ಕರೆ ನಾನಂತೂ ಹಸಿಯದನ್ನೇ ತಿನ್ನುವವನು.