ಉರಿಗೆ ಕಾದ ತಮಟೆ

ರಾಮನಗರ, ಕನಕಪುರದ ಕಡೆಯ ಊರಹಬ್ಬಗಳಲ್ಲಿ ಪೂಜಾ ಕುಣಿತ ಶುರುವಾಗುವ ಮೊದಲು ತಮಟೆಯವರನ್ನು ನೋಡಬೇಕು. ಒಣಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮದ ಮುಖವನ್ನು ಉರಿಗೆ ಹಿಡಿದು, ಬೆರಳಿನಿಂದ ತಟ್ಟಿ ಕಿವಿಗೊಡುತ್ತಾರೆ. ಹೆಚ್ಚು ಕಾದರೆ ಚರ್ಮ ಕೆಡುತ್ತದೆ, ಸಾಲದಿದ್ದರೆ ದನಿ ಮಂಕಾಗುತ್ತದೆ. ಆ ಹದ ಪಳಗಿದ ಕಿವಿಗೇ ಗೊತ್ತು. ಆಮೇಲೆ ದಪ್ಪ ಕಡ್ಡಿ ಗುಡುಗಿನಂತೆ ಪೆಟ್ಟು ಕೊಟ್ಟರೆ, ಇನ್ನೊಂದು ಕೈಯ ತೆಳು ಕಡ್ಡಿ ನಡುವಿನ ಸಂದುಗಳನ್ನು ತುಂಬುತ್ತದೆ. ಆ ಗತ್ತಿಗೆ, ದೇವಿಯ ಮುಖವಿರುವ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತವರು ಕೈಬಿಟ್ಟು ಕುಣಿಯುತ್ತಾರೆ. ನೋಡುತ್ತ ನಿಂತವರ ಕಾಲೂ ಸುಮ್ಮನಿರುವುದಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ನಮ್ಮ ಜನಪದ ವಾದ್ಯಗಳನ್ನು ಕಣ್ತುಂಬ ನೋಡಬಹುದು. ತಮಟೆಯನ್ನು ಕೇಳಬೇಕೆಂದರೆ ಮಾತ್ರ ಹಬ್ಬಕ್ಕೇ ಬನ್ನಿ, ಗೆಳೆಯರನ್ನೂ ಕರೆತನ್ನಿ.